ಸ್ಕಾಲರ್‌ಶಿಪ್ಪಿನ ಲೆಕ್ಕ

ನಾನಿರುವುದು ಸೂರತ್ತಿನ ಕತಾರ್‌ಗಾಮ್‌ನಲ್ಲಿ. ವಜ್ರಕ್ಕೆ ಸಾಣೆ ಹಿಡಿಯುವವರ ಬಡಾವಣೆ. ಇಲ್ಲಿನ ಮನೆಗಳಲ್ಲೂ ಈಗ ಅಮೆರಿಕದ ಯೂನಿವರ್ಸಿಟಿ, ಮೆರಿಟ್ ಸ್ಕಾಲರ್‌ಶಿಪ್ ಅನ್ನುವ ಮಾತು ಕೇಳಿಬರುತ್ತದೆ. ರಿಟೈರ್ಡ್ ಬ್ಯಾಂಕಿನವನಲ್ಲವೇ, ಸಾಲದ ಲೆಕ್ಕ ಕೇಳಲು ಹುಡುಗರು ನನ್ನ ಹತ್ತಿರ ಬರುತ್ತಾರೆ. ಅವರಿಗೆ ನಾನು ರೈಲಿನಲ್ಲಿ ಎರಡು ತಾಸು ದೂರದ ಬರೋಡಾದ ಒಂದು ಹಳೆಯ ಲೆಕ್ಕ ಹೇಳುತ್ತೇನೆ.

ಬರೋಡಾವನ್ನು ಆಳುತ್ತಿದ್ದವರು ಮೂರನೇ ಸಯಾಜಿರಾವ್ ಗಾಯಕವಾಡರು. 1906ರಲ್ಲೇ ರಾಜ್ಯವಿಡೀ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದವರು. 1908ರಲ್ಲಿ ಬ್ಯಾಂಕ್ ಆಫ್ ಬರೋಡಾ ಸ್ಥಾಪಿಸಿದವರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಸೇರಿಹೋದದ್ದು ಇದೇ ಬ್ಯಾಂಕಿಗೆ.

ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ಭೀಮರಾವ್ ಅಂಬೇಡ್ಕರರಿಗೆ ಮಹಾರಾಜರು ತಿಂಗಳಿಗೆ 25 ರೂಪಾಯಿ ಕೊಡುತ್ತಿದ್ದರು. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಗೆ ಕಳಿಸಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಆಗಿನ ಪೌಂಡಿಗೆ 15 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 172 ರೂಪಾಯಿ. ಮೂರು ವರ್ಷಕ್ಕೆ 6,210. ಷರತ್ತು: ಹಿಂತಿರುಗಿ ಬಂದು ಹತ್ತು ವರ್ಷ ಸಂಸ್ಥಾನದ ನೌಕರಿ ಮಾಡಬೇಕು.

ಅಂಬೇಡ್ಕರ್ 1915ರಲ್ಲಿ ಎಂ.ಎ. ಮುಗಿಸಿದರು. 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಸ್ಕಾಲರ್‌ಶಿಪ್ಪಿನ ಅವಧಿ ತೀರಿತು. ಓದು ಅರ್ಧಕ್ಕೇ ನಿಲ್ಲಿಸಿ 1917ರಲ್ಲಿ ಬರೋಡಾಕ್ಕೆ ಬಂದರು. ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಪ್ರೊಬೇಷನರ್ ಕೆಲಸ, 150 ರೂಪಾಯಿ ಸಂಬಳ. ಓದುವಾಗ ಸಿಗುತ್ತಿದ್ದುದಕ್ಕಿಂತ ಕಡಿಮೆ, ನೋಡಿ.

ಸಂಬಳದ ಮಾತು ಬಿಡಿ, ಊರಲ್ಲಿ ತಲೆ ಊರಲು ಜಾಗವೇ ಇಲ್ಲ. ಅಸ್ಪೃಶ್ಯ ಎಂದು ಗೊತ್ತಾದರೆ ಯಾರೂ ಒಳಗೆ ಬಿಡುವುದಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರ ಗುಂಪು ಬಂದು, ಸಂಜೆಯೊಳಗೆ ಖಾಲಿ ಮಾಡು ಎಂದಿತು. ಒಬ್ಬ ಹಿಂದೂ ಸ್ನೇಹಿತ, ಒಬ್ಬ ಕ್ರೈಸ್ತ ಸ್ನೇಹಿತ, ಇಬ್ಬರ ಮನೆಯಲ್ಲೂ ಆಸರೆ ಸಿಗಲಿಲ್ಲ. ಕಮಾಟಿ ಬಾಗ್ ಉದ್ಯಾನದಲ್ಲಿ ಐದು ತಾಸು ಕೂತು, ರಾತ್ರಿ ಮುಂಬೈ ರೈಲು ಹತ್ತಿದರು. ಆ ಉದ್ಯಾನಕ್ಕೆ ಈಗ ಸಯಾಜಿ ಬಾಗ್ ಎನ್ನುತ್ತಾರೆ.

ಕೊಲಂಬಿಯಾ ಬಾಗಿಲು ತೆರೆಯಿತು, ಬರೋಡಾದ ಒಂದು ಕೋಣೆ ತೆರೆಯಲಿಲ್ಲ. ದೊರೆ ಮೆರಿಟ್ ಗುರುತಿಸಿದ, ಊರು ಜಾತಿ ಗುರುತಿಸಿತು. ಪರಊರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದು ಬರೀ ಹಳೆಯ ಕಥೆ ಅನ್ನಿಸಲಿಕ್ಕಿಲ್ಲ. ‘ಯಾವ ಜನ ನೀವು?’ ಎಂಬ ಪ್ರಶ್ನೆ ಬಾಡಿಗೆ ಎಷ್ಟು ಎನ್ನುವುದಕ್ಕೂ ಮೊದಲೇ ಬರುವುದನ್ನು ನಾನೂ ಕೇಳಿದ್ದೇನೆ.

ಹತ್ತು ವರ್ಷದ ಕರಾರು ಹದಿನೈದು ದಿನವೂ ನಡೆಯಲಿಲ್ಲ. ಹಾಗಾದರೆ ಮಹಾರಾಜರ ಹಣ ಮುಳುಗಿತೇ? ಬ್ಯಾಂಕಿನ ಭಾಷೆಯಲ್ಲಿ ಅದು ವಸೂಲಾಗದ ಸಾಲ. ಆದರೆ ಅಂಬೇಡ್ಕರ್ 1920ರಲ್ಲಿ ತಮ್ಮ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯನ ಸಾಲ ಎಲ್ಲ ಸೇರಿಸಿ ಮತ್ತೆ ಲಂಡನ್ನಿಗೆ ಹೋದರು, 1923ರಲ್ಲಿ ಡಿ.ಎಸ್ಸಿ. ಪಡೆದರು. ರೂಪಾಯಿಯ ಸಮಸ್ಯೆ ಕುರಿತ ಅವರ ಪ್ರಬಂಧ ಆ ವರ್ಷವೇ ಪುಸ್ತಕವಾಯಿತು. ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಇಷ್ಟು ಬಡ್ಡಿ ಯಾವ ಠೇವಣಿಗೆ ಬಂದೀತು?

ಅವಮಾನವನ್ನು ಅವರು ಮರೆಯಲಿಲ್ಲ, ಬರೆದಿಟ್ಟರು. ಉಪಕಾರವನ್ನೂ ಮರೆಯಲಿಲ್ಲ. ಬ್ರಿಟಿಷ್ ಇಂಡಿಯಾದ ಪ್ರಾಂತೀಯ ಹಣಕಾಸು ಕುರಿತ ತಮ್ಮ ಕೊಲಂಬಿಯಾದ ಪ್ರಬಂಧವನ್ನು 1925ರಲ್ಲಿ ಪುಸ್ತಕವಾಗಿ ತಂದಾಗ, ತಮ್ಮ ಓದಿಗೆ ಕೊಟ್ಟ ನೆರವಿಗೆ ಕೃತಜ್ಞತೆಯಾಗಿ ಅದನ್ನು ಸಯಾಜಿರಾಯರಿಗೇ ಅರ್ಪಿಸಿದರು.