ಮಲೇರಿಯಾ ರೋಗಾಣುವಿಗೆ ಕೊಬ್ಬು ಎಲ್ಲಿಂದ ಬರುತ್ತದೆ?

ನಮ್ಮ ಯಡಿಯೂರನ್ನು ಹಾದುಹೋಗುವ ಹೆದ್ದಾರಿಯ ಒಂದು ತುದಿ ಮಂಗಳೂರು, ಇನ್ನೊಂದು ತುದಿ ಬೆಂಗಳೂರು. ಮಂಗಳೂರು ಬಹುಕಾಲ ಮಲೇರಿಯಾದಿಂದ ನರಳಿದ ಊರು. ಆ ರೋಗಾಣುವಿನ ಒಂದು ಗುಟ್ಟನ್ನು ಬಿಡಿಸಲು ಹೊರಟಿದ್ದು ಬೆಂಗಳೂರಿನ ಪ್ರಯೋಗಾಲಯಗಳು.

ಸೊಳ್ಳೆ ಕಚ್ಚಿದಾಗ ಒಳಬರುವ ರೋಗಾಣು ಮೊದಲು ಲಿವರ್‌ನಲ್ಲಿ ಅಡಗುತ್ತದೆ. ಅಲ್ಲಿ ಒಂದು ಸಾವಿರಾರಾಗಿ ರಕ್ತಕ್ಕೆ ಇಳಿದು, ಕೆಂಪು ರಕ್ತಕಣಗಳಿಗೆ ನುಗ್ಗುತ್ತದೆ. ಸುಮಾರು 48 ಗಂಟೆಯಲ್ಲಿ ಒಂದು ಹತ್ತಿಪ್ಪತ್ತಾಗಿ ಕಣವನ್ನು ಒಡೆದು ಹೊರಬರುತ್ತದೆ. ಚಳಿ, ನಡುಕ, ಜ್ವರ ಬರುವುದು ಆಗಲೇ. ಹುಟ್ಟುವ ಪ್ರತಿ ಮರಿಗೂ ಸುತ್ತ ಒಂದು ಪೊರೆ ಬೇಕು. ಪೊರೆಗೆ ಕೊಬ್ಬು, ಅಂದರೆ ಲಿಪಿಡ್ ಬೇಕು. ಮನೆಗೆ ಇಟ್ಟಿಗೆ ಇದ್ದ ಹಾಗೆ.

ಈ ಇಟ್ಟಿಗೆ ಎಲ್ಲಿಂದ? ನಮ್ಮ ರಕ್ತದಿಂದ ಕದಿಯುವುದೊಂದೇ ಅದಕ್ಕೆ ಗೊತ್ತು ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1990ರ ದಶಕದ ಕೊನೆಗೆ ಅನುಮಾನ ಹುಟ್ಟಿತು. 2001ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬರೆದರು: ರೋಗಾಣುವಿಗೆ ಸ್ವಂತ ಇಟ್ಟಿಗೆ ಗೂಡು ಇದೆ, ಅದರ ಬಗೆ ನಮ್ಮ ದೇಹದ್ದಕ್ಕಿಂತ ಬೇರೆ. ಸೋಪು, ಟೂತ್‌ಪೇಸ್ಟುಗಳಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್ ಆ ಗೂಡಿನ ಒಂದು ಕಿಣ್ವವನ್ನು ತಡೆಯಿತು. ಮಲೇರಿಯಾ ತಗಲಿದ ಇಲಿಗಳು ಬದುಕಿದವು. ನಮಗೆ ತೊಂದರೆಯಿಲ್ಲದೆ ರೋಗಾಣುವನ್ನಷ್ಟೇ ಕೊಲ್ಲುವ ಔಷಧದ ಆಸೆ ಮೂಡಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2008ರಲ್ಲಿ ಬೇರೆ ಸಂಶೋಧಕರು ಆ ಕಿಣ್ವದ ಜೀನನ್ನೇ ತೆಗೆದು ನೋಡಿದರು. ರೋಗಾಣು ರಕ್ತದಲ್ಲಿ ಆರಾಮವಾಗಿ ಬೆಳೆಯಿತು, ಲಿವರ್‌ನಲ್ಲಿ ಮಾತ್ರ ಸೋತಿತು. ಅಂದರೆ ಲಿವರ್‌ನಲ್ಲಿ ಅದಕ್ಕೆ ಸ್ವಂತ ಗೂಡು ಬೇಕು, ರಕ್ತದಲ್ಲಿ ಕಳ್ಳತನವೇ ಸಾಕು. ಟ್ರೈಕ್ಲೋಸಾನ್ ಮಲೇರಿಯಾ ಔಷಧವಾಗಲಿಲ್ಲ.

ಬೆಂಗಳೂರಿನ ಕೆಲಸ ವ್ಯರ್ಥವಾಯಿತೇ? ಇಲ್ಲ. ಆ ಗೂಡಿನ ಮೇಲೆ ಜಗತ್ತಿನ ಕಣ್ಣು ಬಿದ್ದಿದ್ದರಲ್ಲಿ ಅದರ ಪಾಲು ದೊಡ್ಡದು. ತಪ್ಪು ಇರುವುದು ನಮ್ಮಂಥ ಪತ್ರಿಕೆಯವರಲ್ಲಿ. 'ಔಷಧ ಸಿಕ್ಕಿತು' ಎಂಬ ಮೊದಲ ಸುದ್ದಿ ಬರೆಯುತ್ತೇವೆ, ಏಳು ವರ್ಷದ ನಂತರದ್ದನ್ನು ಬಿಡುತ್ತೇವೆ.

ಈ ಇತಿಹಾಸದಿಂದ ನಮಗೆ ಉಳಿಯುವ ಮಾತು ಒಂದೇ: ಲಿವರ್‌ನಲ್ಲಿರುವ ರೋಗಾಣುವಿನ ಬದುಕೇ ಬೇರೆ, ರಕ್ತದಲ್ಲಿರುವುದರ ಬದುಕೇ ಬೇರೆ. ವೈವಾಕ್ಸ್ ಮಲೇರಿಯಾಕ್ಕೆ ಆಸ್ಪತ್ರೆಯಲ್ಲಿ 14 ದಿನದ ಪ್ರಿಮಾಕ್ವಿನ್ ಮಾತ್ರೆ ಕೊಡುವುದು ಲಿವರ್‌ನಲ್ಲಿ ಮಲಗಿರುವುದನ್ನು ಕೊಲ್ಲಲು. ಮೂರು ದಿನಕ್ಕೆ ಜ್ವರ ಬಿಟ್ಟಿತೆಂದು ಉಳಿದ ಮಾತ್ರೆಯನ್ನು ಗೂಡಿನಲ್ಲಿಟ್ಟು ಮರೆತರೆ, ಅದು ಮತ್ತೆ ಎದ್ದು ಬರಬಹುದು.