ಪಿಟ್ಯುಟರಿ ಶಸ್ತ್ರಚಿಕಿತ್ಸೆಯ ನಂತರದ ಹಾರ್ಮೋನ್ ನಿಗಾ: ಇತಿಹಾಸ

ತಲೆಬುರುಡೆಯ ತಳದ ಮೂಳೆಗುಳಿಯಲ್ಲಿರುವ ಪಿಟ್ಯುಟರಿ ಗ್ರಂಥಿ ಗಾತ್ರದಲ್ಲಿ ಕಡಲೆಕಾಳಿನಷ್ಟು. ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣಗಳಿಗೆ ಆಜ್ಞೆ ಹೋಗುವುದು ಇಲ್ಲಿಂದಲೇ. ಇಲ್ಲಿ ಬೆಳೆದ ಗೆಡ್ಡೆಯನ್ನು ತೆಗೆಯುವ ವಿದ್ಯೆ ವೈದ್ಯರಿಗೆ ಮೊದಲು ಒಲಿಯಿತು. ತೆಗೆದ ಮೇಲೆ ರೋಗಿಯನ್ನು ಕಾಯುವ ವಿದ್ಯೆಗೆ ಮತ್ತೆ ಅರ್ಧ ಶತಮಾನ ಹಿಡಿಯಿತು.

1907ರಲ್ಲಿ ಇನ್ಸ್‌ಬ್ರಕ್‌ನ ಹರ್ಮನ್ ಶ್ಲೋಫರ್ ಮೂಗಿನ ಹಾದಿಯಿಂದ ಮೊದಲ ಬಾರಿಗೆ ಗೆಡ್ಡೆ ತೆಗೆದರು. 1909ರಲ್ಲಿ ಅಮೆರಿಕದ ಹಾರ್ವಿ ಕುಶಿಂಗ್ ಅದೇ ಹಾದಿ ಹಿಡಿದರು. ರಕ್ತದಲ್ಲಿ ಹಾರ್ಮೋನ್ ಅಳೆಯುವ ಉಪಾಯ ಅಂದು ಇರಲಿಲ್ಲ. ಸುಸ್ತು, ವಾಂತಿ, ಕುಸಿಯುವ ರಕ್ತದೊತ್ತಡ ಕಣ್ಣಿಗೆ ಕಂಡರೂ ಕೈಯಲ್ಲಿ ಮದ್ದಿರಲಿಲ್ಲ. ಅತಿಮೂತ್ರಕ್ಕೆ ಮಾತ್ರ 1913ರಲ್ಲಿ ಪ್ರಾಣಿಗಳ ಪಿಟ್ಯುಟರಿ ಸಾರದ ಚುಚ್ಚುಮದ್ದು ಸಿಕ್ಕಿತು.

ನಿಜವಾದ ತಿರುವು ಅಡ್ರಿನಲ್ ಹಾರ್ಮೋನಾದ ಕಾರ್ಟಿಸೋನ್. 1948ರಲ್ಲಿ ಕೀಲುವಾತಕ್ಕೆಂದು ಮೊದಲು ಕೊಟ್ಟ ಈ ಔಷಧ, ಪಿಟ್ಯುಟರಿ ರೋಗಿಗಳಿಗೆ ಜೀವವನ್ನೇ ಕೊಟ್ಟಿತು. ಅದರ ಬಲದಿಂದಲೇ 1950ರ ದಶಕದಲ್ಲಿ ಸ್ವೀಡನ್ನಿನ ಲುಫ್ಟ್ ಮತ್ತು ಒಲಿವೆಕ್ರೋನಾ ಇಡೀ ಗ್ರಂಥಿಯನ್ನೇ ತೆಗೆದು ರೋಗಿಯನ್ನು ಉಳಿಸಿಕೊಂಡರು. ಅಳತೆಯ ಕೊರತೆಯನ್ನು ನೀಗಿದವರು ನ್ಯೂಯಾರ್ಕಿನ ರೋಸಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್. ಇನ್ಸುಲಿನ್‌ಗಾಗಿ ಅವರು ಕಂಡುಹಿಡಿದ ವಿಕಿರಣ ಪರೀಕ್ಷೆ 1960ರ ದಶಕದಲ್ಲಿ ಬೆಳವಣಿಗೆಯ ಹಾರ್ಮೋನಿಗೂ ಒದಗಿತು. ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಐದು ವರ್ಷ ಮೊದಲೇ ತೀರಿಕೊಂಡಿದ್ದರು.

ಇಂದು ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ರಕ್ತದಲ್ಲಿ ಅಡ್ರಿನಲ್ ಹಾರ್ಮೋನಾದ ಕಾರ್ಟಿಸಾಲ್‌ನ ಬೆಳಗಿನ ಮಟ್ಟ ನೋಡುತ್ತಾರೆ. ಅದು ಕಡಿಮೆಯಿದ್ದರೆ ಮೊದಲು ಹೈಡ್ರೊಕಾರ್ಟಿಸೋನ್, ಆಮೇಲೆ ಥೈರಾಯ್ಡ್ ಮಾತ್ರೆ. ಈ ಕ್ರಮ ತಿರುಗುಮುರುಗಾದರೆ ಪ್ರಾಣಕ್ಕೇ ಕುತ್ತು. ಥೈರಾಯ್ಡ್ ಮಾತ್ರೆಯ ಪ್ರಮಾಣ ನಿರ್ಧರಿಸುವಾಗ ಥೈರಾಯ್ಡ್‌ಗೆ ಆಜ್ಞೆ ಒಯ್ಯುವ ಟಿಎಸ್‌ಎಚ್ ಹಾರ್ಮೋನ್ ನೋಡಿ ಫಲವಿಲ್ಲ, ಅದು ಹುಟ್ಟುವುದೇ ಪಿಟ್ಯುಟರಿಯಲ್ಲಿ. ಥೈರಾಯ್ಡ್‌ನದೇ ಹಾರ್ಮೋನಾದ ಫ್ರೀ ಟಿ4 ನೋಡಬೇಕು. ಕುಡಿದ ನೀರು, ಹೋದ ಮೂತ್ರ ಎರಡನ್ನೂ ಅಳೆದು ಬರೆದಿಡುತ್ತಾರೆ. ನೀರಿನ ಲೆಕ್ಕ ಮೋಸ ಮಾಡುವುದೂ ಉಂಟು: ಮೊದಲೆರಡು ದಿನ ಮೂತ್ರ ಧಾರಾಳವಾಗಿ ಹೋಗಿ, ವಾರದ ಹೊತ್ತಿಗೆ ಅದು ತಗ್ಗಿ, ನೀರು ಮೈಯಲ್ಲೇ ಉಳಿದು, ರಕ್ತದ ಸೋಡಿಯಂ ದಿಢೀರನೆ ಇಳಿಯಬಹುದು. ಅಷ್ಟರಲ್ಲಿ ರೋಗಿ ಮನೆ ಸೇರಿರುತ್ತಾರೆ. ಹಾಗಾಗಿ ಏಳನೇ ದಿನದ ಆಸುಪಾಸಿನ ಸೋಡಿಯಂ ಪರೀಕ್ಷೆಯನ್ನು ತಪ್ಪಿಸಬಾರದು.

ಈ ಅತಿಮೂತ್ರದ ಕಾಯಿಲೆಗೆ ಡಯಾಬಿಟಿಸ್ ಇನ್ಸಿಪಿಡಸ್ ಎಂಬ ಹೆಸರಿತ್ತು. ಇದನ್ನು ಸಕ್ಕರೆ ಕಾಯಿಲೆಯೆಂದು ತಿಳಿದು ವಾರ್ಡಿನಲ್ಲಿ ಅತಿಮೂತ್ರವನ್ನು ತಡೆಯುವ ಔಷಧ ಡೆಸ್ಮೋಪ್ರೆಸಿನ್ ಕೊಡದೆ ಬಿಟ್ಟು ಸಾವುಗಳೂ ಆದವು. ತಜ್ಞರು 2022ರಲ್ಲಿ ಆ ಹೆಸರನ್ನು ಕೈಬಿಟ್ಟು, ಮೂತ್ರವನ್ನು ಹಿಡಿತದಲ್ಲಿಡುವ ಹಾರ್ಮೋನಿನ ಹೆಸರಿನಿಂದ ವ್ಯಾಸೊಪ್ರೆಸಿನ್ ಕೊರತೆ ಎಂದು ಕರೆಯಬೇಕೆಂದು ಸೂಚಿಸಿದರು.