ಜೀಬ್ರಾ ಗೆರೆ ಎಳೆದು ಹಂಪ್ ಹಾಕಿದರೆ ರಸ್ತೆ ದಾಟುವುದು ಸುರಕ್ಷಿತವೇ?

ರಸ್ತೆಯ ಮೇಲೆ ತೇಲುವಂತೆ ಕಾಣುವ ತ್ರೀಡಿ ಜೀಬ್ರಾ ಕ್ರಾಸಿಂಗ್‌ನ ಫೋಟೊ. ಕೆಳಗೆ, 'ನಮ್ಮೂರಲ್ಲೂ ಹೀಗೆ ಮಾಡಿದರೆ ಅಪಘಾತವೇ ಆಗಲ್ಲ, ಶೇರ್ ಮಾಡಿ' ಎಂಬ ಸಾಲು. ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಂತೆ ರೈಲು ನಿಲ್ದಾಣ, ಸಿಮೆಂಟ್ ಕಾರ್ಖಾನೆ ಮತ್ತು ಮನೆಗಳು ಒಟ್ಟಿಗೇ ಇರುವ ಊರಿಗೆ ಇದು ಹೊಂದುತ್ತದೆಯೇ?

ಚುಟುಕಾಗಿ ಹೇಳುವುದಾದರೆ: ಬಣ್ಣ ಮಾತ್ರ ಸಾಲದು. ದಾಟುವ ಜಾಗದಲ್ಲಿ ವಾಹನದ ವೇಗ ಇಳಿಯಬೇಕು, ಚಾಲಕ ಮತ್ತು ಪಾದಚಾರಿ ಒಬ್ಬರಿಗೊಬ್ಬರು ಕಾಣಬೇಕು.

ಸಮಸ್ಯೆ ಎಷ್ಟು ದೊಡ್ಡದು?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಸತ್ತ ಐವರಲ್ಲಿ ಸುಮಾರು ಒಬ್ಬರು ನಡೆದು ಹೋಗುತ್ತಿದ್ದವರು.

30 ಮತ್ತು 50ರ ನಡುವಿನ ವ್ಯತ್ಯಾಸ

ಮಗುವೊಂದು ದಿಢೀರನೆ ರಸ್ತೆಗೆ ಬಂತು ಎಂದುಕೊಳ್ಳಿ. ಅದನ್ನು ನೋಡಿ ಬ್ರೇಕ್ ತುಳಿಯಲು ಚಾಲಕನಿಗೆ ಸುಮಾರು ಒಂದೂವರೆ ಸೆಕೆಂಡ್ ಬೇಕು. ಒಣ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದ ಕಾರು ಸುಮಾರು 18 ಮೀಟರ್‌ನಲ್ಲಿ ಪೂರ್ತಿ ನಿಲ್ಲುತ್ತದೆ. 50 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿಯುವ ಮೊದಲೇ ಸುಮಾರು 21 ಮೀಟರ್ ದಾಟಿರುತ್ತದೆ. ನಿಲ್ಲಲು ಒಟ್ಟು 35 ಮೀಟರ್ ಬೇಕು. ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಪೂರ್ತಿ ವೇಗದಲ್ಲೇ ಇರುತ್ತದೆ. ಲೋಡ್ ಲಾರಿಗೆ, ಮಳೆಯ ರಸ್ತೆಗೆ ಇನ್ನೂ ಹೆಚ್ಚು ದೂರ ಬೇಕು.

ಏಳು ಮೀಟರ್ ಅಗಲದ ರಸ್ತೆ ದಾಟಲು ಆರೋಗ್ಯವಂತರಿಗೆ ಸುಮಾರು 6 ಸೆಕೆಂಡ್, ನಿಧಾನವಾಗಿ ನಡೆಯುವ ಅಜ್ಜಿಗೆ 9 ಸೆಕೆಂಡ್ ಬೇಕು. ಆ 9 ಸೆಕೆಂಡ್‌ನಲ್ಲಿ 50 ಕಿ.ಮೀ. ವೇಗದ ವಾಹನ 125 ಮೀಟರ್ ಬರುತ್ತದೆ. ತಿರುವಿನಲ್ಲೋ ನಿಂತ ಲಾರಿಯ ಮರೆಯಲ್ಲೋ ಅಷ್ಟು ದೂರ ಕಾಣುವುದಿಲ್ಲ. 'ನೋಡಿಕೊಂಡು ದಾಟಬೇಕಿತ್ತು' ಎನ್ನುವ ಮೊದಲು ಇದನ್ನು ನೆನಪಿಡಿ.

ಹೇಳಿಕೆ 1: ಜೀಬ್ರಾ ಗೆರೆ ಎಳೆದರೆ ಸಾಕು

ವಾಸ್ತವ: ಅಮೆರಿಕದ 30 ನಗರಗಳಲ್ಲಿ ಗೆರೆ ಇದ್ದ 1,000 ಮತ್ತು ಇಲ್ಲದ 1,000 ಜಾಗಗಳನ್ನು ಹೋಲಿಸಿದ ಅಧ್ಯಯನವೊಂದಿದೆ. ಎರಡು ಪಥದ ರಸ್ತೆಗಳಲ್ಲಿ ಗೆರೆಯಿಂದ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ. ವಾಹನ ದಟ್ಟಣೆಯ ಬಹುಪಥ ರಸ್ತೆಗಳಲ್ಲಿ, ಬೇರೆ ಕ್ರಮಗಳಿಲ್ಲದೆ ಬರೀ ಗೆರೆ ಇದ್ದಲ್ಲಿ ಅಪಘಾತ ಹೆಚ್ಚಿತ್ತು. ಹಾಗೆಂದು ಗೆರೆ ಬೇಡವೆಂದಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳಂತೆ ಜೀಬ್ರಾ ಮೇಲೆ ಪಾದಚಾರಿಗೇ ಮೊದಲ ಹಕ್ಕು. ಆದರೆ ಗೆರೆಯ ಜೊತೆಗೆ ವೇಗ ಇಳಿಸುವ ವ್ಯವಸ್ಥೆಯೂ ಬೇಕು.

ಹೇಳಿಕೆ 2: ತ್ರೀಡಿ ಜೀಬ್ರಾ ಕಂಡರೆ ಚಾಲಕರು ನಿಲ್ಲಿಸುತ್ತಾರೆ

ವಾಸ್ತವ: 2016ರಲ್ಲಿ ಅಹಮದಾಬಾದ್‌ನಲ್ಲಿ, 2017ರಲ್ಲಿ ಐಸ್‌ಲ್ಯಾಂಡ್‌ನ ಈಸಾಫ್ಯೋರ್ಡುರ್‌ನಲ್ಲಿ ಇಂಥವು ಸುದ್ದಿಯಾದವು. ಫೋಟೊ ನಿಜವೇ. ಆದರೆ ಆ ಭ್ರಮೆ ಒಂದು ಕೋನದಿಂದ ಮಾತ್ರ ಕಾಣುತ್ತದೆ. ದಿನವೂ ಓಡಾಡುವ ಚಾಲಕರಿಗೆ ಅದು ಬಣ್ಣ ಎಂದು ಬೇಗ ಗೊತ್ತಾಗುತ್ತದೆ. ಹೊಸಬರು ಗಾಬರಿಯಿಂದ ಬ್ರೇಕ್ ಹಾಕಿದರೆ ಹಿಂದಿನ ಬೈಕ್ ಗುದ್ದಬಹುದು.

ಹೇಳಿಕೆ 3: ಊರವರೇ ಸೇರಿ ಹಂಪ್ ಹಾಕಿಕೊಳ್ಳಬಹುದು

ವಾಸ್ತವ: ಹಂಪ್‌ಗೆ ಅಳತೆಯಿದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ:99 ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ವಾಹನಗಳು ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು. 40 ಮೀಟರ್ ಮುಂಚೆ ಎಚ್ಚರಿಕೆ ಫಲಕ, ಮೇಲೆ ಕಾಣುವ ಪಟ್ಟೆ ಬೇಕು. ರಾತ್ರೋರಾತ್ರಿ ಹಾಕಿದ ಚೂಪು ದಿಬ್ಬ ಬೈಕ್ ಸವಾರರನ್ನೇ ಕೆಡವುತ್ತದೆ.

ಹಾಗಾದರೆ ಏನು ಮಾಡಬೇಕು?

- ಹಂಪ್‌ನ ನೆತ್ತಿಯನ್ನು ಜಗಲಿಯಂತೆ ಅಗಲ ಮಾಡಿ, ಅದರ ಮೇಲೇ ಜೀಬ್ರಾ ಹಾಕುವುದು. ವೇಗ ಇಳಿಯುತ್ತದೆ, ದಾಟುವವರೂ ಎತ್ತರದಲ್ಲಿ ಕಾಣುತ್ತಾರೆ.
- ರಸ್ತೆ ಅಗಲವಿದ್ದರೆ ನಡುವೆ ನಿಲ್ಲಲು ಕಟ್ಟೆ.
- ದಾಟುವ ಜಾಗಕ್ಕೇ ಬೆಳಕು ಬೀಳುವಂತೆ ಬೀದಿದೀಪ.
- ಅಕ್ಕಪಕ್ಕ ಲಾರಿ, ತೆಂಗಿನಕಾಯಿ ಟ್ರ್ಯಾಕ್ಟರ್, ತಳ್ಳುಗಾಡಿ ನಿಲ್ಲದಂತೆ ನೋಡಿಕೊಳ್ಳುವುದು.
- ಬಸ್ ಇಳಿದವರು ಬಸ್ಸಿನ ಮುಂದಿನಿಂದಲ್ಲ, ಅದು ಹೋದ ಮೇಲೆ ದಾಟುವುದು.

ನೀವೇ ಎಣಿಸಿ, ಅರ್ಜಿ ಕೊಡಿ

ಎಂಜಿನಿಯರ್‌ಗಳು ಬಳಸುವ ಲೆಕ್ಕ ಸರಳವಾಗಿದೆ. ಜನ ಹೆಚ್ಚಿರುವ ಒಂದು ಗಂಟೆಯಲ್ಲಿ ದಾಟುವವರನ್ನೂ ವಾಹನಗಳನ್ನೂ ಎಣಿಸಿ. ಜನರ ಸಂಖ್ಯೆಯನ್ನು ವಾಹನ ಸಂಖ್ಯೆಯಿಂದ ಎರಡು ಬಾರಿ ಗುಣಿಸಿ. ವಿಭಜಕವಿಲ್ಲದ ರಸ್ತೆಯಲ್ಲಿ ಉತ್ತರ 10 ಕೋಟಿ ದಾಟಿದರೆ ವ್ಯವಸ್ಥಿತ ದಾಟುದಾರಿ ಕೇಳಲು ಬಲವಾದ ಆಧಾರವಿದೆ. ಉದಾಹರಣೆಗೆ, 200 ಜನ, 750 ವಾಹನ ಇದ್ದರೆ 11.25 ಕೋಟಿ. ಸಣ್ಣ ಊರಿನಲ್ಲಿ ಲೆಕ್ಕ ಅಷ್ಟು ಮುಟ್ಟದಿರಬಹುದು. ಆಗಲೂ ವಾಹನಗಳ ವೇಗ, ಕಾಯಬೇಕಾದ ಸಮಯ, ಹಿಂದಿನ ಅಪಘಾತಗಳನ್ನು ದಾಖಲಿಸಿ. ಅವೂ ಪರಿಗಣನೆಗೆ ಬರುತ್ತವೆ.

ಊರೊಳಗಿನ ರಸ್ತೆಯಾದರೆ ಗ್ರಾಮ ಪಂಚಾಯಿತಿಗೆ, ರಾಜ್ಯ ಹೆದ್ದಾರಿ ಅಥವಾ ಜಿಲ್ಲಾ ಮುಖ್ಯ ರಸ್ತೆಯಾದರೆ ಲೋಕೋಪಯೋಗಿ ಇಲಾಖೆಗೆ ಅರ್ಜಿ ಕೊಡಿ. ಒಂದು ಪ್ರತಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಹೋಗಲಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 198ಎ ಕಲಮಿನಡಿ, ರಸ್ತೆ ವಿನ್ಯಾಸದ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಇದನ್ನು ಅರ್ಜಿಯಲ್ಲಿ ಉಲ್ಲೇಖಿಸಿ.

ಮುಂದಿನ ಸಲ ತ್ರೀಡಿ ಜೀಬ್ರಾ ಫೋಟೊ ಬಂದರೆ ಅದರ ಬದಲು ನಿಮ್ಮೂರ ರಸ್ತೆಯ ಎಣಿಕೆಯನ್ನು ಗುಂಪಿಗೆ ಹಾಕಿ.